ಟಬ್ಬಿನ ನೀರು 34 ಡಿಗ್ರಿ, ಲೆಟಿಸ್ ಬೇರು ಕಂದು: ಬಾಲ್ಕನಿ ಹೈಡ್ರೋಪೋನಿಕ್ಸ್‌ನಲ್ಲಿ ನೀರು ತಂಪಾಗಿಡುವುದು ಹೇಗೆ?

ಡೊಂಬಿವಲಿ ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ, ಆರನೇ ಮಹಡಿ, ಪಶ್ಚಿಮಕ್ಕೆ ತೆರೆದ ಬಾಲ್ಕನಿ. ಹೋದ ನವೆಂಬರ್‌ನಲ್ಲಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವುದು, ಶುರು ಮಾಡಿದ್ದು. ಮೂರು ಇಂಚಿನ ಬಿಳಿ ಪಿವಿಸಿ ಪೈಪು ನಾಲ್ಕು, ಕೆಳಗೆ 40 ಲೀಟರಿನ ನೀಲಿ ಟಬ್ಬು, ಅದರೊಳಗೇ ಪಂಪು. ಒಟ್ಟು 24 ಗಿಡ. ಫೆಬ್ರವರಿವರೆಗೆ ಲೆಟಿಸ್ ಎಷ್ಟು ಚೆನ್ನಾಗಿ ಬಂತು ಅಂದ್ರೆ ಅಕ್ಕಪಕ್ಕದ ಮನೆಗೂ ಹಂಚಿದೆ.

ಮಾರ್ಚ್ ಕೊನೆಯಿಂದ ಎಲ್ಲ ಕೆಟ್ಟಿತು. ಮಧ್ಯಾಹ್ನ ಆಯ್ತು ಅಂದ್ರೆ ಎಲೆ ಜೋತು ಬೀಳುತ್ತದೆ. ಪೈಪಿನಲ್ಲಿ ನೀರು ಹರಿಯುತ್ತಲೇ ಇದೆ, ಗಿಡ ಮಾತ್ರ ಬಾಯಾರಿದ ಹಾಗೆ ಕಾಣುತ್ತದೆ. ನಿನ್ನೆ ಒಂದನ್ನು ನೆಟ್‌ಪಾಟ್ (ಗಿಡ ಕೂರುವ ಜಾಲರಿ ಕುಂಡ) ಸಮೇತ ಎತ್ತಿ ನೋಡಿದೆ. ಬಿಳಿ ಇರಬೇಕಾದ ಬೇರು ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ಬಂದಿದೆ. ಮುಟ್ಟಿದರೆ ಲೋಳೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಮೂರು ದಿನ ಹೂದಾನಿಯಲ್ಲೇ ಬಿಟ್ಟ ನೀರಿನ ವಾಸನೆ.

ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ತಂದು ಟಬ್ಬಿಗೆ ಇಳಿಬಿಟ್ಟೆ. ಮಧ್ಯಾಹ್ನ ಮೂರೂವರೆಗೆ 34. ಬೆಳಗಿನ ಐದಕ್ಕೆ 29. ಗೊಬ್ಬರ, ಪಿಎಚ್ ಎಲ್ಲ ಸರಿ ಇದೆ. ಇದು ನೀರಿನ ಬಿಸಿಯಿಂದಲೇ ಆಗಿದ್ದಾ? ಏನು ಮಾಡಲಿ?

ಮುಲುಂಡ್ ನಿವೃತ್ತ

ತಂಗಿ, ಸಿಪ್ಪೆ ಜಾರಿ ದಾರ ಉಳಿಯುತ್ತದೆ ಅಂದರೆ ಅದು ಪಿಥಿಯಂ, ಬೇರು ಕೊಳೆ ರೋಗ. ಜನ ಅದನ್ನು ಶಿಲೀಂಧ್ರ ಅನ್ನುತ್ತಾರೆ, ಆದರೆ ಅದು ನೀರಿನ ಬೂಷ್ಟಿನ ಬೇರೆಯೇ ಬಳಗ. ಅದರ ಬೀಜಕಣಕ್ಕೆ ಬಾಲ ಇರುತ್ತದೆ, ಒಂದು ಬೇರಿನಿಂದ ಇನ್ನೊಂದಕ್ಕೆ ಈಜಿಕೊಂಡು ಹೋಗುತ್ತದೆ. ನಾಲ್ಕೂ ಪೈಪಿಗೆ ಒಂದೇ ಟಬ್ಬಿನ ನೀರು ತಿರುಗುತ್ತಿದೆ, ಹಾಗಾಗಿ ಒಂದು ಗಿಡಕ್ಕೆ ಬಂದರೆ ಎಲ್ಲಕ್ಕೂ ಬಂದ ಹಾಗೆ. ರೋಗ ಹಿಡಿದದ್ದನ್ನು ಇವತ್ತೇ ತೆಗೆಯಿರಿ.

ನೀರಿನ ಬಿಸಿಯಿಂದಲೇ ಆಗಿದ್ದಾ ಅಂದರೆ, ಹೌದು, ಬಾಗಿಲು ತೆರೆದದ್ದು ಅದೇ. ನೀರು ಬಿಸಿ ಆದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಹಿಡಿಯುತ್ತದೆ. 25ಕ್ಕೆ 8.3, 30ಕ್ಕೆ 7.6, 35ಕ್ಕೆ 6.9. ನೋಡಲು ಸಣ್ಣ ಇಳಿಕೆ ಅನಿಸುತ್ತದೆ, ಅಲ್ವಾ? ಆದರೆ ಇನ್ನೊಂದು ಕಡೆ ಬೇರಿನ ಉಸಿರಾಟ 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ಆಗುತ್ತದೆ. ಬೇಕಾದದ್ದು ದುಪ್ಪಟ್ಟು, ಸಿಗುವುದು ಮೊದಲಿಗಿಂತ ಕಡಿಮೆ. ಉಸಿರುಗಟ್ಟಿದ ಬೇರು ನೀರು ಎಳೆಯುವುದಿಲ್ಲ. ಅದಕ್ಕೇ ನೀರಿನಲ್ಲೇ ನಿಂತ ಗಿಡ ಬಾಡುತ್ತದೆ. ಆ ಸೋತ ಬೇರಿಗೆ ಪಿಥಿಯಂ ಹತ್ತುತ್ತದೆ.

ಲೆಟಿಸ್‌ಗೆ 18ರಿಂದ 22 ಡಿಗ್ರಿ ಒಳ್ಳೆಯದು. 25 ದಾಟಿದರೆ ಕಣ್ಣಿಟ್ಟಿರಬೇಕು.

ಈಗ ಮೂರು ಪ್ರಶ್ನೆ. ಪಂಪು ಎಷ್ಟು ವಾಟ್? ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ? ಟಬ್ಬಿಗೆ ಮತ್ತು ಪೈಪಿಗೆ ಬಿಸಿಲು ಎಷ್ಟರಿಂದ ಎಷ್ಟರವರೆಗೆ?

ಡೊಂಬಿವಲಿ ಬಾಲ್ಕನಿ

ಸರ್, ಪಂಪು 18 ವಾಟ್, ಇಡೀ ದಿನ ಓಡುತ್ತದೆ. ಬಿಸಿಲು ಒಂದೂವರೆಗೆ ಶುರು, ಸೂರ್ಯ ಮುಳುಗುವವರೆಗೂ ಬಿಡುವುದಿಲ್ಲ. ನೀರು ಕಡಿಮೆ ಆದಾಗ ಊಟ ಆದಮೇಲೆ ನಲ್ಲಿಯಿಂದ ತುಂಬಿಸುತ್ತೇನೆ.

ಕೋಥ್ರೂಡ್ ಟೆರೇಸ್

ಅಕ್ಕಾ, ಆ ನಲ್ಲಿ ನೀರಿನ ಉಷ್ಣತೆ ಒಮ್ಮೆ ಅಳೆದು ನೋಡ್ರಿ. ಮೇಲಿನ ಟ್ಯಾಂಕಿಯಿಂದ ಬರೋದು ಅಲ್ವಾ ಅದು? ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಆ ನೀರಿನಲ್ಲಿ ಕೈ ತೊಳೆಯೋಕೂ ಆಗೋದಿಲ್ಲ.

ಡೊಂಬಿವಲಿ ಬಾಲ್ಕನಿ

ಈಗಷ್ಟೇ ಅಳೆದೆ. 37! ಇಷ್ಟು ದಿನ ತಂಪು ಮಾಡುತ್ತಿದ್ದೇನೆ ಅಂದುಕೊಂಡು ಬಿಸಿನೀರು ಸುರಿಯುತ್ತಿದ್ದೆ. ಬೆಳಗ್ಗೆ ಆರಕ್ಕೆ ಅದೇ ನಲ್ಲಿಯಲ್ಲಿ 28 ಇತ್ತು. ಇನ್ನು ಮೇಲೆ ಬೆಳಗ್ಗೆಯೇ ಎರಡು ಬಕೆಟ್ ತುಂಬಿ ಒಳಗೆ ನೆರಳಲ್ಲಿ ಇಡುತ್ತೇನೆ. ಒಂದು ರಾತ್ರಿ ಇಟ್ಟರೆ ಕ್ಲೋರಿನ್ನೂ ಸ್ವಲ್ಪ ಹೋಗುತ್ತದೆ.

ಮುಲುಂಡ್ ನಿವೃತ್ತ

ಒಳ್ಳೆಯ ಕೆಲಸ. ಈಗ ಲೆಕ್ಕ ನೋಡೋಣ. ನಾನು 34 ವರ್ಷ ಬಾಯ್ಲರ್ ಪಕ್ಕದಲ್ಲಿ ಕೆಲಸ ಮಾಡಿದವನು, ಶಾಖದ ಲೆಕ್ಕ ಇಲ್ಲದೆ ಖರ್ಚಿಗೆ ಕೈ ಹಾಕುವುದಿಲ್ಲ.

ಪಂಪು ನೀರೊಳಗೆ ಇದ್ದರೆ ಅದು ತಿನ್ನುವ ಕರೆಂಟು ಹೆಚ್ಚು ಕಡಿಮೆ ಪೂರ್ತಿ ಶಾಖವಾಗಿ ನೀರಿಗೇ ಸೇರುತ್ತದೆ. 18 ವಾಟ್, 24 ಗಂಟೆ ಅಂದರೆ 0.43 ಯೂನಿಟ್. 40 ಲೀಟರ್ ನೀರಿನಿಂದ ಒಂದು ಚೂರೂ ಶಾಖ ಹೊರಗೆ ಹೋಗದಿದ್ದರೆ ಇಷ್ಟರಿಂದಲೇ ಅದು ದಿನಕ್ಕೆ 9 ಡಿಗ್ರಿ ಏರಬೇಕು. ಹೊರಗೆ ಹೋಗುತ್ತಿರುತ್ತದೆ, ಅದಕ್ಕೆ ಅಷ್ಟು ಏರುವುದಿಲ್ಲ. ಆದರೂ ನಿಮ್ಮ ಟಬ್ಬಿನಲ್ಲಿ ಹಗಲೂ ರಾತ್ರಿ ಒಂದು ಸಣ್ಣ ಹೀಟರ್ ಕೂತಿದೆ ಅಂತಲೇ ಲೆಕ್ಕ. ನಾಲ್ಕು ಅಡಿ ಎತ್ತರಕ್ಕೆ ನೀರು ಎತ್ತಲು 18 ವಾಟ್ ಬೇಡ, ಅದರ ಅರ್ಧದ್ದು ಸಾಕು. ಟೈಮರ್ ಹಾಕಿ 15 ನಿಮಿಷ ಓಡಿ 15 ನಿಮಿಷ ನಿಲ್ಲುವ ಹಾಗೆ ಮಾಡಿದರೆ ಅದರಲ್ಲೂ ಅರ್ಧ ಉಳಿಯುತ್ತದೆ. ಬೇರು ದಟ್ಟವಾಗಿದ್ದರೆ 15 ನಿಮಿಷಕ್ಕೆ ಒಣಗುವುದಿಲ್ಲ.

ಪಂಪಿಗಿಂತ ದೊಡ್ಡ ಕಳ್ಳ ಬಿಸಿಲು. ನಾಲ್ಕು ಪೈಪು, ಒಂದೊಂದು ನಾಲ್ಕು ಅಡಿ ಅಂತ ಹಿಡಿದರೆ ಬಿಸಿಲಿಗೆ ಒಡ್ಡಿದ ಜಾಗ ಚದರ ಮೀಟರಿನ ಮೂರನೇ ಒಂದು ಭಾಗ. ಬಿಳಿ ಬಣ್ಣ ಬಹಳಷ್ಟು ಬಿಸಿಲನ್ನು ವಾಪಸ್ ಕಳಿಸುತ್ತದೆ, ಆದರೂ ನನ್ನ ಅಂದಾಜಿಗೆ 70ರಿಂದ 80 ವಾಟ್ ಒಳಗೆ ಇಳಿಯುತ್ತದೆ. ಮೂರು ಗಂಟೆಗಳ ಅವಧಿಯಲ್ಲಿ ನಿಮ್ಮ 40 ಲೀಟರನ್ನು ನಾಲ್ಕೈದು ಡಿಗ್ರಿ ಏರಿಸಲು ಇಷ್ಟು ಸಾಕು. ಇದರಲ್ಲಿ ನೀಲಿ ಟಬ್ಬಿನ ಲೆಕ್ಕ ಇನ್ನೂ ಹಿಡಿದಿಲ್ಲ. ಪೈಪಿನಲ್ಲಿ ತೆಳ್ಳಗೆ ಹರಿಯುವ ನೀರು ಅಂದರೆ ಮಾಳಿಗೆ ಮೇಲಿನ ಸೋಲಾರ್ ಗೀಸರ್ ಇದ್ದ ಹಾಗೆಯೇ, ಒಂದು ಸುತ್ತು ಹೋಗಿ ಬಂದರೆ ಅಷ್ಟು ಶಾಖ ಹೊತ್ತು ತರುತ್ತದೆ.

ಒಳಗೆ ಬಂದ ಶಾಖವನ್ನು ಹೊರಗೆ ಹಾಕಲು ದುಡ್ಡು ಬೇಕು. ಒಳಗೆ ಬರದ ಹಾಗೆ ತಡೆಯಲು ಒಂದು ಹಳೇ ಪಂಚೆ ಸಾಕು. ಮೊದಲು 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಟಬ್ಬನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೂರಿಸಿ, ಮುಚ್ಚಳಕ್ಕೂ ಥರ್ಮೋಕೋಲ್. ಮೀನು ಮಾರುಕಟ್ಟೆಯಲ್ಲಿ ಖಾಲಿ ಪೆಟ್ಟಿಗೆ ಸಿಗುತ್ತವೆ, ತೊಳೆದು ಎರಡು ದಿನ ಬಿಸಿಲಿಗೆ ಇಟ್ಟರೆ ವಾಸನೆ ಹೋಗುತ್ತದೆ.

ಥಾಣೆ ಹೊಸಬ

ಇಷ್ಟೆಲ್ಲ ಯಾಕೆ, ಮಧ್ಯಾಹ್ನ ಒಂದು ತಟ್ಟೆ ಐಸ್ ಸುರಿದರೆ ಆಗಲ್ವಾ? ನಾನು ಹಾಗೇ ಮಾಡುತ್ತಿದ್ದೇನೆ.

ಮುಲುಂಡ್ ನಿವೃತ್ತ

ಐಸ್ ಬೇಡ ಅನ್ನುವುದಿಲ್ಲ, ಸುರಿಯಬೇಡಿ. ಕರಗಿದ ನೀರು ಗೊಬ್ಬರದ ನೀರನ್ನು ತೆಳು ಮಾಡುತ್ತದೆ. ಬಾಟಲಿಯಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಬಾಟಲಿಯನ್ನೇ ಟಬ್ಬಿಗೆ ಇಳಿಸಿ. ಕುತ್ತಿಗೆವರೆಗೆ ತುಂಬಬೇಡಿ, ಐಸ್ ಆದಾಗ ಉಬ್ಬಿ ಬಾಟಲಿ ಒಡೆಯುತ್ತದೆ.

ಎಷ್ಟು ಬೇಕು ಅಂದರೆ, 40 ಲೀಟರನ್ನು 32ರಿಂದ 26ಕ್ಕೆ ಇಳಿಸಲು ಸುಮಾರು 1000 ಕಿಲೋಜೂಲ್ ತೆಗೆಯಬೇಕು. ಒಂದು ಕೆಜಿ ಐಸ್ ಕರಗುವಾಗಲೇ 334 ಎಳೆದುಕೊಳ್ಳುತ್ತದೆ. ಆಮೇಲೆ ಆ ನೀರು 26ಕ್ಕೆ ಏರುವಷ್ಟರಲ್ಲಿ ಇನ್ನೊಂದು 100ಕ್ಕೆ ಸ್ವಲ್ಪ ಹೆಚ್ಚು. ಅಂದರೆ ಎರಡು ಲೀಟರಿನ ಬಾಟಲಿ ಒಂದು, ಅದರ ಮೇಲೆ ಚೂರು. ತಟ್ಟೆಯ ಐಸ್ ತುಂಡು ಇನ್ನೂರು ಗ್ರಾಂ ಇದ್ದೀತು, ಅದರಿಂದ ಅರ್ಧ ಡಿಗ್ರಿ ಇಳಿಯುತ್ತದೆ ಅಷ್ಟೆ.

ಥರ್ಮೋಕೋಲ್ ಇಲ್ಲದೆ ಬಾಟಲಿ ಇಟ್ಟರೆ ಎರಡು ಗಂಟೆಯಲ್ಲಿ ಮತ್ತೆ ಅಲ್ಲಿಗೇ. ಅದಕ್ಕೆ ಮೊದಲು ನೆರಳು, ಆಮೇಲೆ ಥರ್ಮೋಕೋಲ್, ಕೊನೆಗೆ ಬಾಟಲಿ. ಈ ಸಾಲು ತಪ್ಪಿಸಬೇಡಿ.

ಕೋಥ್ರೂಡ್ ಟೆರೇಸ್

ನನ್ನ ಅನುಭವ ಬೇರೆ ಐತಿ, ಹೇಳ್ತೀನಿ. ನಾನು ಮೂಲ ವಿಜಯಪುರದವನು, ಪುಣೆಯಲ್ಲಿ 11 ವರ್ಷ. ನಮ್ಮ ಮನೆಯಲ್ಲಿ ಬೇಸಿಗೆ ಅಂದ್ರೆ ಹರವಿಗೆ (ನೀರಿನ ಮಣ್ಣಿನ ಕೊಡಕ್ಕೆ) ಒದ್ದೆ ಬಟ್ಟೆ ಸುತ್ತೋದು. ಅದನ್ನೇ ಇಲ್ಲಿ ಮಾಡಿದೆ. ಟಬ್ಬಿಗೆ ಗೋಣಿಚೀಲ ಸುತ್ತಿ ಒದ್ದೆ ಇಟ್ಟಿದ್ದೇನೆ, ಮುಚ್ಚಳದಲ್ಲಿ ಎರಡು ತೂತು ಕೊರೆದು ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂರಿಸಿದ್ದೇನೆ, ಒಂದು ತೂತಿನಿಂದ ಗಾಳಿ ನೀರಿನ ಮೇಲೆ ಬೀಸುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಹೊರಗೆ 38 ಇದ್ದಾಗ ನನ್ನ ನೀರು 26. ಐಸ್ ಇಲ್ಲ, ಚಿಲ್ಲರ್ (ನೀರು ತಂಪು ಮಾಡೋ ಯಂತ್ರ) ಇಲ್ಲ. ದಿನಕ್ಕೆ ಸುಮಾರು ಎರಡು ಲೀಟರ್ ಆರಿ ಹೋಗುತ್ತದೆ.

ಒಂದೇ ಎಚ್ಚರ. ಆರಿ ಹೋಗೋದು ಬರೀ ನೀರು, ಗೊಬ್ಬರ ಉಳಿಯುತ್ತದೆ. ತುಂಬಿಸುವಾಗ ಸಾದಾ ನೀರೇ ಹಾಕಬೇಕು, ಇಲ್ಲದಿದ್ದರೆ ಇಸಿ (ನೀರಿನಲ್ಲಿ ಗೊಬ್ಬರ ಎಷ್ಟೈತಿ ಅಂತ ತೋರಿಸೋ ಅಂಕಿ) ಏರುತ್ತಾ ಹೋಗುತ್ತದೆ. ಅಕ್ಕಾ, ನೀವೂ ಇದನ್ನೇ ಮಾಡ್ರಿ.

ಡೊಂಬಿವಲಿ ಬಾಲ್ಕನಿ

ಫ್ಯಾನ್ ಇಟ್ಟು ಎರಡು ದಿನ ಆಯ್ತು. ಏನೂ ಆಗಲಿಲ್ಲ ಅಂದರೂ ತಪ್ಪಿಲ್ಲ, 34 ಇದ್ದದ್ದು 33. ಗೋಣಿಚೀಲ ಆರುವುದೇ ಇಲ್ಲ, ಬೆಳಗ್ಗೆ ಒದ್ದೆ ಮಾಡಿದ್ದು ಸಂಜೆಗೂ ಒದ್ದೆ.

ಮುಲುಂಡ್ ನಿವೃತ್ತ

ಕೋಥ್ರೂಡ್ ಅವರು ಹೇಳಿದ್ದು ಪುಣೆಗೆ ನೂರಕ್ಕೆ ನೂರು ಸರಿ. ಒಂದು ಲೀಟರ್ ನೀರು ಆರುವಾಗ 2400 ಕಿಲೋಜೂಲ್‌ಗೂ ಹೆಚ್ಚು ಶಾಖ ಹೊತ್ತೊಯ್ಯುತ್ತದೆ, ಐದು ಕೆಜಿ ಐಸ್‌ಗೆ ಸಮ. ಆದರೆ ಗಾಳಿ ಒಣಗಿರಬೇಕು. ನಮ್ಮ ಮುಂಬೈ ಗಾಳಿಗೆ ಮೊದಲೇ ಹೊಟ್ಟೆ ತುಂಬಿದೆ, ಅದು ಇನ್ನೆಷ್ಟು ನೀರು ಕುಡಿದೀತು?

ವಾದ ಬೇಡ, ಇಬ್ಬರೂ ಒಂದು ಪರೀಕ್ಷೆ ಮಾಡಿ. ಥರ್ಮಾಮೀಟರಿನ ತುದಿಗೆ ಹತ್ತಿಯ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ, ಟೇಬಲ್ ಫ್ಯಾನ್ ಮುಂದೆ ನೆರಳಿನಲ್ಲಿ ಹತ್ತು ನಿಮಿಷ ಹಿಡಿಯಿರಿ. ಇಳಿಯುತ್ತಾ ಬಂದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ತಳ. ಗೋಣಿಚೀಲ, ಫ್ಯಾನ್, ಮಣ್ಣಿನ ಮಡಕೆ ಏನೇ ಮಾಡಿದರೂ ಆ ಅಂಕಿಗಿಂತ ಕೆಳಗೆ ನೀರು ಹೋಗುವುದಿಲ್ಲ.

ಕೋಥ್ರೂಡ್ ಟೆರೇಸ್

ಮಧ್ಯಾಹ್ನ ಮೂರಕ್ಕೆ ಮಾಡಿದೆ. ಗಾಳಿ 38, ಒದ್ದೆ ಬಟ್ಟೆ 21ಕ್ಕೆ ನಿಂತಿತು.

ಡೊಂಬಿವಲಿ ಬಾಲ್ಕನಿ

ನನ್ನದು ಗಾಳಿ 33, ಒದ್ದೆ ಬಟ್ಟೆ 28. ಇದಕ್ಕಿಂತ ಕೆಳಗೆ ಇಳಿಯಲೇ ಇಲ್ಲ, ಇಪ್ಪತ್ತು ನಿಮಿಷ ಹಿಡಿದೆ. ಈಗ ಅರ್ಥ ಆಯ್ತು ಸರ್.

ಕೋಥ್ರೂಡ್ ಟೆರೇಸ್

ನನಗೂ ಅರ್ಥ ಆಯ್ತು. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ನನ್ನ ಫ್ಯಾನ್ ಕೆಲಸ ಮಾಡೋದು ಯಾಕೆ ನಿಲ್ಲಿಸುತ್ತದೆ ಅನ್ನೋದು ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಆಗ ಹೊರಗಿನ ಬಿಸಿಯೂ ಇಳಿದಿರುತ್ತದೆ, ಹಾಗಾಗಿ ನಡೆದು ಹೋಗುತ್ತಿತ್ತು.

ಪುಣೆಯಲ್ಲಿ ಚಳಿಗಾಲದ ತಾಪತ್ರಯ ಬೇರೆ. ಡಿಸೆಂಬರ್ ಕೊನೆಗೆ ರಾತ್ರಿ ಗಾಳಿ 10 ಡಿಗ್ರಿ ಹತ್ತಿರ ಹೋಗುತ್ತದೆ, ಬೆಳಗ್ಗೆ ಟಬ್ಬಿನ ನೀರು 14. ಲೆಟಿಸ್ ಸುಮ್ನೆ ಇರುತ್ತದೆ, ಟೊಮೆಟೊ ಎಲೆಯ ಹಿಂಬದಿ ನೇರಳೆ ಆಗುತ್ತದೆ. ಗೊಬ್ಬರದಲ್ಲಿ ರಂಜಕ ಇರುತ್ತದೆ, ತಣ್ಣಗಾದ ಬೇರು ಅದನ್ನು ಎಳೆದುಕೊಳ್ಳೋದಿಲ್ಲ. ಮೀನಿನ ತೊಟ್ಟಿಯ 50 ವಾಟ್ ಹೀಟರ್ 20ಕ್ಕೆ ಇಟ್ಟರೆ ಹತ್ತು ದಿನದಲ್ಲಿ ಹೊಸ ಎಲೆ ಹಸಿರು ಬರುತ್ತದೆ.

ಥಾಣೆ ಹೊಸಬ

ನನ್ನ ಇಸಿ ಮೀಟರ್ ಮಧ್ಯಾಹ್ನ 1.6, ಬೆಳಗ್ಗೆ 1.4 ತೋರಿಸುತ್ತದೆ. ನೀರು ಸೇರಿಸಬೇಕಾ?

ಮುಲುಂಡ್ ನಿವೃತ್ತ

ಮೀಟರ್‌ನಲ್ಲಿ ಉಷ್ಣತೆಯ ಹೊಂದಾಣಿಕೆ ಇದೆಯಾ ನೋಡಿ. ಇಲ್ಲದಿದ್ದರೆ ಒಂದೊಂದು ಡಿಗ್ರಿಗೆ ಸುಮಾರು 2 ಪರ್ಸೆಂಟ್ ಹೆಚ್ಚು ಓದುತ್ತದೆ. ಗೊಬ್ಬರ ಅಷ್ಟೇ ಇರುತ್ತದೆ, ಓದುವುದು ಮಾತ್ರ ಬದಲಾಗುತ್ತದೆ. ದಿನಾ ಒಂದೇ ಹೊತ್ತಿಗೆ, ಬೆಳಗ್ಗೆಯೇ ಅಳೆಯಿರಿ. ಬೇಸಿಗೆಯಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನೇ ಜಾಸ್ತಿ ಕುಡಿಯುತ್ತದೆ, ಹಾಗಾಗಿ ಲೆಟಿಸ್‌ಗೆ 1.0ರಿಂದ 1.2 ಇಟ್ಟರೆ ಸಾಕು.

ಮಡಗಾಂವ್ ಬಾವಿಕಟ್ಟೆ

ತಡವಾಗಿ ಬಂದೆ, ಕ್ಷಮಿಸಿ. ಗೋವಾದಲ್ಲಿ ಬಾವಿ ಇರುವವರಿಗೆ ಒಂದು ಮಾತು. ಬಾವಿ ನೀರು ತಂಪು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೆ. ಅಳೆದರೆ 27. ಮೇ ತಿಂಗಳಲ್ಲೂ 27, ಜನವರಿಯಲ್ಲೂ 27. ನೆಲದಡಿಯ ನೀರು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಕೈಗೆ ತಂಪು ಅನಿಸುತ್ತದೆ ಅಷ್ಟೆ.

ಆದರೂ 27 ಅಂದರೆ 34ಕ್ಕಿಂತ ಎಷ್ಟೋ ವಾಸಿ. ನಾನು 200 ಲೀಟರಿನ ಡ್ರಮ್ಮನ್ನು ಜಂಬಿಟ್ಟಿಗೆ ಮಣ್ಣಿನಲ್ಲಿ ಕುತ್ತಿಗೆವರೆಗೆ ಹೂತಿದ್ದೇನೆ, ಹಲಸಿನ ಮರದ ಬುಡದಲ್ಲಿ. ನೀರು ಜಾಸ್ತಿ ಇದ್ದಷ್ಟೂ ಏರಿಳಿತ ನಿಧಾನ. ಇಡೀ ಬೇಸಿಗೆ 28ರಿಂದ 29ರ ನಡುವೆ ಇರುತ್ತದೆ, ಐಸ್ ಬಾಟಲಿಯ ಗೊಡವೆ ಇಲ್ಲ.

ನಮ್ಮ ಕಷ್ಟ ಕರೆಂಟು. ಜೂನ್‌ನ ಮೊದಲ ಗಾಳಿಮಳೆಗೆ ಹೋದರೆ ಆರು ಗಂಟೆ ಬಾರದು. ಹೋದ ವರ್ಷ ಪಂಪೂ ನಿಂತಿತು, ನೀರಿಗೆ ಗಾಳಿ ಗುಳ್ಳೆ ಬಿಡುವ ಏರ್‌ಸ್ಟೋನೂ ನಿಂತಿತು, ಬೆಳಗಾಗುವಷ್ಟರಲ್ಲಿ ತುಳಸಿ ಜಾತಿಯ ಬೇಸಿಲ್ ಅಷ್ಟೂ ತಲೆ ಬಾಗಿಸಿತ್ತು. ಈಗ ಜೀವಂತ ಮೀನು ಸಾಗಿಸುವವರು ಇಟ್ಟುಕೊಳ್ಳುವ ಬ್ಯಾಟರಿ ಏರ್ ಪಂಪು ತಂದಿದ್ದೇನೆ, ಕರೆಂಟು ಹೋದ ಕೂಡಲೇ ತಾನೇ ಶುರು ಆಗುತ್ತದೆ. ಏರ್ ಪಂಪು ಯಾವುದೇ ಇರಲಿ, ಅದನ್ನು ಮನೆಯೊಳಗೆ ನೆರಳಿನಲ್ಲಿ ಇಡಿ. ಬಿಸಿಲಿನಲ್ಲಿ ಇಟ್ಟರೆ ಬಿಸಿ ಗಾಳಿಯನ್ನೇ ನೀರಿಗೆ ಊದುತ್ತದೆ.

ಥಾಣೆ ಹೊಸಬ

ಬೇರು ಕೊಳೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅಂತ ಒಬ್ಬರು, ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಹಾಕಿ ಅಂತ ಇನ್ನೊಬ್ಬರು ಹೇಳಿದರು. ಎರಡೂ ಹಾಕಿದೆ.

ಮಡಗಾಂವ್ ಬಾವಿಕಟ್ಟೆ

ಅಯ್ಯೋ, ಹಾಗೆ ಮಾಡಬೇಡಿ ಮಾರಾಯ್ರೆ. ಪೆರಾಕ್ಸೈಡ್‌ಗೆ ಒಳ್ಳೆಯದು ಕೆಟ್ಟದ್ದು ಅಂತ ಗೊತ್ತಾಗುವುದಿಲ್ಲ, ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಯಾವುದಾದರೂ ಒಂದೇ ದಾರಿ ಹಿಡಿಯಬೇಕು. ರೋಗ ಬಂದಾಗಿದ್ದರೆ ನೀರು ಪೂರ್ತಿ ಚೆಲ್ಲಿ, ಪೈಪು ಟಬ್ಬು ಉಜ್ಜಿ ತೊಳೆದು, 3 ಪರ್ಸೆಂಟಿನ ಪೆರಾಕ್ಸೈಡ್ ಲೀಟರಿಗೆ 2ರಿಂದ 3 ಮಿಲಿ. ಅದು ಒಂದೆರಡು ದಿನದಲ್ಲಿ ಒಡೆದು ನೀರಾಗುತ್ತದೆ. ಆಮೇಲೆ ಬೇಕಾದರೆ ಹೊಸ ನೀರಿಗೆ ಟ್ರೈಕೋಡರ್ಮಾ. ನೀರು 34ರಲ್ಲೇ ಇದ್ದರೆ ಎರಡೂ ವ್ಯರ್ಥ, ವಾರದಲ್ಲಿ ರೋಗ ಮತ್ತೆ ಬರುತ್ತದೆ.

ಥಾಣೆ ಹೊಸಬ

ಕೊನೆಯ ಪ್ರಶ್ನೆ. ಲೆಟಿಸ್ ಬೀಜವೇ ಮೊಳೆಯುತ್ತಿಲ್ಲ, ಹಳೇ ಬೀಜ ಇರಬಹುದಾ?

ಕೋಥ್ರೂಡ್ ಟೆರೇಸ್

ಬೀಜ ಬಹುಶಃ ಸರಿಯಾಗೇ ಐತಿ. 30ರ ಹತ್ತಿರ ಹೋದರೆ ಲೆಟಿಸ್ ಬೀಜ ಮಲಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಎರಡು ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡ್ರಿ, ಆಮೇಲೆ ತೆಗೆದು ಕುಡಿಯುವ ನೀರಿನ ಮಡಕೆಯ ಪಕ್ಕ ಇಡ್ರಿ. ಮೊಳಕೆ ಬರುತ್ತದೆ.

ಮುಲುಂಡ್ ನಿವೃತ್ತ

ಮೊಳಕೆ ಬಂದರೂ ಮೇ ತಿಂಗಳಲ್ಲಿ ಬೆಳೆಸಬೇಕಾ ಅಂತ ಯೋಚಿಸಿ. ಸಿಂಗಾಪುರದಲ್ಲಿ ಮೇಲಿನ ಗಾಳಿ ಬಿಸಿ ಇದ್ದರೂ ಬೇರಿನ ಭಾಗವನ್ನು ಮಾತ್ರ 20ಕ್ಕೆ ತಂಪು ಮಾಡಿ ಲೆಟಿಸ್ ಬೆಳೆದು ತೋರಿಸಿದ್ದಾರೆ, ಅಂದರೆ ಬೇರು ತಂಪಾಗಿದ್ದರೆ ಎಲೆ ಬಿಸಿ ತಡೆಯುತ್ತದೆ. ಆದರೆ ಅದಕ್ಕೆ ಚಿಲ್ಲರ್ ಬೇಕು. 24 ಗಿಡಕ್ಕೆ ಚಿಲ್ಲರ್ ಕೊಂಡುಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಟಬ್ಬಿನಿಂದ ತೆಗೆದ ಶಾಖವನ್ನು ನಿಮ್ಮ ಬಾಲ್ಕನಿಗೇ ಊದುತ್ತದೆ, ಕರೆಂಟು ಬಿಲ್ಲು ಬೇರೆ.

ಡೊಂಬಿವಲಿ ಬಾಲ್ಕನಿ

ಮೂರು ವಾರ ಆಯ್ತು, ಹೇಗಿದೆ ಅಂತ ಹೇಳಿಬಿಡುತ್ತೇನೆ.

ಕೊಳೆತ 15 ಗಿಡ ತೆಗೆದೆ. ಎಲ್ಲ ಉಜ್ಜಿ ತೊಳೆದೆ. ಶೇಡ್ ನೆಟ್ ಕಟ್ಟಿ, ಅದರ ಹೊರಗೆ ನಮ್ಮವರ ಹಳೇ ಬಿಳಿ ಪಂಚೆ ಇಳಿಬಿಟ್ಟೆ. ಟಬ್ಬು ಈಗ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೂತಿದೆ. 8 ವಾಟಿನ ಪಂಪು, ಟೈಮರ್. ಏರ್‌ಸ್ಟೋನ್ ಎರಡು, ಅವುಗಳ ಪಂಪು ಅಡುಗೆಮನೆ ಕಿಟಕಿಯ ಒಳಗೆ.

ಐಸ್ ಇಲ್ಲದೆ ಮಧ್ಯಾಹ್ನ ಮೂರೂವರೆಗೆ 30. ಅಂದರೆ ಬರೀ ತಡೆದದ್ದರಿಂದಲೇ ನಾಲ್ಕು ಡಿಗ್ರಿ ಇಳಿಯಿತು. ಹನ್ನೆರಡಕ್ಕೆ ಎರಡು ಲೀಟರಿನ ಐಸ್ ಬಾಟಲಿ ಒಂದು ಇಳಿಸಿದರೆ ಇಡೀ ಮಧ್ಯಾಹ್ನ 28 ದಾಟುವುದಿಲ್ಲ. ಎರಡು ಬಾಟಲಿ ಇಟ್ಟುಕೊಂಡಿದ್ದೇನೆ, ಒಂದು ಟಬ್ಬಿನಲ್ಲಿ ಇರುವಾಗ ಇನ್ನೊಂದು ಫ್ರೀಜರ್‌ನಲ್ಲಿ. ಉಳಿದ 9 ಲೆಟಿಸ್ ಬದುಕಿವೆ. ಎಲೆ ಸ್ವಲ್ಪ ಕಹಿ, ಎರಡು ಹೂದಂಡು ಎಬ್ಬಿಸಿವೆ, ಆದರೆ ನಿನ್ನೆ ಒಂದರ ಬೇರು ಎತ್ತಿ ನೋಡಿದರೆ ಹಳೇ ಕಂದು ಬೇರಿನ ಮಧ್ಯೆ ಬೆರಳುದ್ದದ ಹೊಸ ಬೇರುಗಳು, ಶಾವಿಗೆ ಹಾಗೆ ಬಿಳಿ. ನೋಡಿ ಎಷ್ಟು ಸಮಾಧಾನ ಆಯ್ತು ಅಂತ ಹೇಳಲಾರೆ.

ಖಾಲಿಯಾದ 15 ತೂತಿಗೆ ಲೆಟಿಸ್ ಹಾಕಲಿಲ್ಲ. ಆರರಲ್ಲಿ ಕೆಂಪು ಹರಿವೆ, ಒಂಬತ್ತರಲ್ಲಿ ಬಸಳೆ. ನಮ್ಮ ಅತ್ತೆ ಉಡುಪಿಯಿಂದ ಬರುವಾಗ ದಂಟು ತಂದಿದ್ದರು, ನೀರಿನಲ್ಲಿ ಇಟ್ಟು ನಾಲ್ಕೇ ದಿನಕ್ಕೆ ಬೇರು ಬಿಟ್ಟಿತು. 30 ಡಿಗ್ರಿ ನೀರಿನಲ್ಲಿ ಅದು ಹಬ್ಬುವುದು ನೋಡಬೇಕು, ಗ್ರಿಲ್ ಅರ್ಧ ಮುಚ್ಚಿಬಿಟ್ಟಿದೆ, ಪಂಚೆಯ ಕೆಲಸವನ್ನೂ ಅದೇ ಮಾಡುತ್ತಿದೆ. ಲೆಟಿಸ್ ಮತ್ತೆ ನವೆಂಬರ್‌ಗೆ.

ಮುಲುಂಡ್ ನಿವೃತ್ತ

ಬಸಳೆ ಒಳ್ಳೆಯ ಯೋಚನೆ. ಬಳ್ಳಿ ಪೈಪಿನ ಮೇಲೆ ಹಬ್ಬಲಿ, ಅಲ್ಲೂ ನೆರಳು ಸಿಗುತ್ತದೆ. ಬೇರು ಮಾತ್ರ ತಿಂಗಳಿಗೊಮ್ಮೆ ನೋಡಿ, ಅದು ಪೈಪಿನೊಳಗೆ ಗಂಟು ಕಟ್ಟಿ ನೀರು ತಡೆಯುತ್ತದೆ. ಮೂರು ಇಂಚಿಗೆ ಒಂಬತ್ತು ಬಳ್ಳಿ ಜಾಸ್ತಿಯೇ ಆಯಿತು, ನಾಲ್ಕು ಇಟ್ಟರೆ ಸಾಕು.

ಡೊಂಬಿವಲಿ ಬಾಲ್ಕನಿ

ಹಾಗಾದರೆ ಐದು ಬಳ್ಳಿ ತೆಗೆಯುತ್ತೇನೆ ಸರ್. ಡೊಂಬಿವಲಿ, ಥಾಣೆ, ಮುಲುಂಡ್ ಕಡೆಯವರಿಗೆ ಬೇಕಿದ್ದರೆ ಹೇಳಿ, ಬೇರು ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತೇನೆ.

ಥಾಣೆ ಹೊಸಬ

ಅಕ್ಕ, ನನಗೆ ಎರಡು. ಭಾನುವಾರ ಬೆಳಗ್ಗೆ ಬರಲಾ? ಬಿಸಿಲು ಏರುವ ಮುಂಚೆ ತಂದು ನೆಡುತ್ತೇನೆ.